ಹಾಜಿಯವರು ಸ್ಟೂಲು ಹಾಕಿದ ಜಾಗ

ಹಾಜಿಯವರ ಬಲಗೈ ಹೆಬ್ಬೆರಳಿನ ಉಗುರು ಸದಾ ಹಳದಿ. ನಲ್ವತ್ತು ವರ್ಷ ಅರಿಶಿನ, ಓಮ, ಒಣಶುಂಠಿ ಕುಟ್ಟಿದ ಕೈ ಅದು. ಎಷ್ಟು ತೊಳೆದರೂ ಉಗುರಿನ ಬಣ್ಣ ಹೋಗುತ್ತಿರಲಿಲ್ಲ. ನನ್ನ ಸೈಬರ್ ಅಂಗಡಿಯ ಮೂರನೆಯ ಕಂಪ್ಯೂಟರಿನ ಎಂಟರ್ ಕೀಲಿಗೂ ಅದೇ ಬಣ್ಣ ಹತ್ತಿತ್ತು. "ಊಟ ಮಾಡಿ ಕೈ ತೊಳೆಯದೆ ಕೂತವರು ಯಾರು?" ಎಂದು ಬೇರೆ ಗಿರಾಕಿಗಳು ಮೂಗು ಮುರಿಯುತ್ತಿದ್ದರು. ಮೊದಮೊದಲು ಒರೆಸುತ್ತಿದ್ದೆ, ಆಮೇಲೆ ಬಿಟ್ಟುಬಿಟ್ಟೆ.

ಪಾಣೆಮಂಗಳೂರಿನಲ್ಲಿ ಅವರದು ಬಾಣಂತಿ ಮದ್ದಿನ ಅಂಗಡಿ. ತಿನ್ನಲು ಲೇಹ್ಯ, ಮೈಗೆ ಎಣ್ಣೆ, ಸ್ನಾನದ ನೀರಿಗೆ ಸೊಪ್ಪಿನ ಪುಡಿ, ಮೂರೂ ಸೇರಿ ಒಂದು ಕಟ್ಟು. ಬಸುರಿ ಮಗಳಿಗೆ ಏಳು ತಿಂಗಳು ತುಂಬಿತೆಂದರೆ ಸುತ್ತಲಿನ ಊರುಗಳ ತಾಯಂದಿರು ಆ ಕಟ್ಟಿಗಾಗಿ ಬರುತ್ತಿದ್ದರು. ಹಾಜಿಯವರು ತಲೆಯೆತ್ತಿ ಹೆಂಗಸರ ಮುಖ ನೋಡುತ್ತಿರಲಿಲ್ಲ. ತಕ್ಕಡಿ ನೋಡುತ್ತಲೇ "ಚೊಚ್ಚಲಾ? ಸೆಕೆಯ ಊರಾ, ಚಳಿಯ ಊರಾ?" ಎಂದು ಕೇಳಿ ಅದಕ್ಕೆ ತಕ್ಕಂತೆ ಶುಂಠಿ ಹೆಚ್ಚುಕಡಿಮೆ ಮಾಡುತ್ತಿದ್ದರು. ಆ ಪಾಕ ಅವರೊಬ್ಬರ ಕೈಯಲ್ಲೇ ಇತ್ತು.

ಪುತ್ತಿಗೆಯಿಂದ ಮದುವೆಯಾಗಿ ಆ ಊರಿಗೆ ಬಂದವಳು ನಾನು. ಮೂಡುಬಿದಿರೆಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತ ಗರ್ವವನ್ನೂ ಸೀರೆಗಳ ಜೊತೆಗೇ ಕಟ್ಟಿಕೊಂಡು ಬಂದಿದ್ದೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಸಮಯ. ರಸ್ತೆ ಅಗಲ ಮಾಡುವಾಗ ಹಾಜಿಯವರ ಹಳೆಯ ಅಂಗಡಿ ಹೋಯಿತು. ಹಿಂದಿನ ಓಣಿಯಲ್ಲಿ, ನಮ್ಮ ಮನೆಯ ಎದುರಿಗೇ, ಬೇರೆ ಕೋಣೆ ಸಿಕ್ಕಿತು. ಆದರೆ ದಿನವೂ ಸಂಜೆಯ ಅಸರ್ ನಮಾಜು ಮುಗಿಸಿ ಅವರು ಹೊಸ ಅಂಗಡಿಗೆ ಹೋಗುತ್ತಿರಲಿಲ್ಲ. ಒಂದು ಮರದ ಸ್ಟೂಲು ಎತ್ತಿಕೊಂಡು ಹೋಗಿ, ಹಳೆಯ ಹೊಸ್ತಿಲು ಇದ್ದ ಜಾಗದಲ್ಲಿ, ಜಲ್ಲಿ ರಾಶಿಯ ಪಕ್ಕ, ಕೊಡೆ ಬಿಡಿಸಿ ಕೂರುತ್ತಿದ್ದರು. ಬಂದವರಿಗೆಲ್ಲ ಒಂದೇ ಮಾತು: "ಅಂಗಡಿ ಉಂಟು. ಹಿಂದೆ ಉಂಟು. ಬನ್ನಿ." ಮೂರು ತಿಂಗಳು ಹೀಗೆ ಧೂಳು ಕುಡಿದರು.

ಒಂದು ಬೋರ್ಡು ನೆಟ್ಟರೆ ಸಾಲದೇ ಎಂದು ನಾನೇ ಒಮ್ಮೆ ಕೇಳಿದ್ದೆ.

"ಬರುವವರಲ್ಲಿ ಓದಲಿಕ್ಕೆ ಬರುವವರು ಎಷ್ಟು ಮಂದಿ?" ಎಂದರು. "ಬಸ್ಸಿನಲ್ಲಿ ಅಷ್ಟು ದೂರದಿಂದ ಬಂದ ತಾಯಿ ಖಾಲಿ ಜಾಗ ನೋಡಿ ಹಿಂದೆ ಹೋಗಬಾರದು."

ಸೈಬರ್ ಇಟ್ಟ ಮೇಲೆ ನಾನು ಅವರಿಗೆ 'ಟೀಚರ್' ಆದೆ. ನಮ್ಮ ಮಾತೆಲ್ಲ ತುಳುವಿನಲ್ಲೇ. ಆದರೆ ಕಂಪ್ಯೂಟರಿನ ಮುಂದೆ ಕೂತ ಕೂಡಲೇ ಹಾಜಿಯವರು ಕನ್ನಡಕ್ಕೆ ಹೊರಳುತ್ತಿದ್ದರು. ಅವರ ಲೆಕ್ಕದಲ್ಲಿ ಅದು ತಾಲೂಕು ಕಚೇರಿಯಂಥದ್ದು, ಅಲ್ಲಿ ಮರ್ಯಾದೆಯಾಗಿ ಮಾತಾಡಬೇಕು.

ಆ ಹೊತ್ತಿಗೆ ಹೆರಿಗೆಗಳು ಗಲ್ಫಿನಲ್ಲೇ ಆಗತೊಡಗಿದ್ದವು. ನಾನು ಇಂಟರ್ನೆಟ್ಟಿನಲ್ಲಿ ಧರ್ಮಕ್ಕೆ ಸಿಗುವ ಜಾಗದಲ್ಲಿ ಮದ್ದಿಗೊಂದು ಪುಟ ಮಾಡಿಕೊಟ್ಟೆ. ಅಲ್ಲಿ ಹೆಸರು, ಊರು, ತಿಂಗಳು ತುಂಬಿಸಿದರೆ ನನಗೆ ಮೇಲ್ ಬರುತ್ತಿತ್ತು. ಹಾಜಿಯವರು ಕಟ್ಟು ಕಟ್ಟಿ, ಆ ಕಡೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದರು. ತೊಂದರೆ ಇದ್ದದ್ದು ಪುಟದ ವಿಳಾಸದ್ದು. ಒಂದೂವರೆ ಸಾಲು ಉದ್ದ. ಎಸ್ಸೆಮ್ಮೆಸ್ಸಿನಲ್ಲಿ ಕಳಿಸಿದರೆ ತುಂಡಾಗಿ ಹೋಗುತ್ತಿತ್ತು, ಫೋನಿನಲ್ಲಿ ಓದಿ ಹೇಳಿದರೆ ಕೇಳುವವರು ನಡುವೆಯೇ ಸೋಲುತ್ತಿದ್ದರು. ಉದ್ದದ ಲಿಂಕನ್ನು ಗಿಡ್ಡ ಮಾಡಿಕೊಡುವ ಸೈಟುಗಳು ಬಂದಿವೆ ಎಂದು ನಾನು ಉತ್ಸಾಹದಿಂದ ವಿವರಿಸಿದೆ. ಗಿಡ್ಡದ್ದನ್ನು ಒತ್ತಿದವರನ್ನು ಅದು ತಾನಾಗಿ ನಮ್ಮ ಪುಟಕ್ಕೆ ತಲುಪಿಸುತ್ತದೆ ಎಂದೆ.

ಅವರಿಗೆ ಕೂಡಲೇ ಅರ್ಥವಾಯಿತು. "ಅಂದರೆ ಸ್ಟೂಲು ಹಾಕಿ ಕೂತು ದಾರಿ ತೋರಿಸುವವನ ಹಾಗೆ."

"ಹೌದು, ಅದೇ."

"ಅವನು ಎದ್ದು ಹೋದರೆ?"

ನಾನು ನಕ್ಕೆ. "ಕಂಪ್ಯೂಟರ್ ಎದ್ದು ಹೋಗುವುದಿಲ್ಲ ಹಾಜಿಯವರೇ."

ಮೂರು ದಾರಿಗಳನ್ನು ಅವರ ಮುಂದಿಟ್ಟೆ. ಒಂದು ಹಳೆಯ ಸೈಟು. ಬಹಳ ಮಂದಿ ಬಳಸುವಂಥದ್ದು, ಆದರೆ ಲಿಂಕಿನ ಕೊನೆಗೆ ಅರ್ಥವಿಲ್ಲದ ಅಕ್ಷರಗಳನ್ನು ಅದೇ ಕೊಡುತ್ತದೆ. ಇನ್ನೊಂದು ಹೊಸತು. ಅದರಲ್ಲಿ ಕೊನೆಯ ಹೆಸರು ನಮಗೆ ಬೇಕಾದ್ದು, ದಿನಕ್ಕೆ ಎಷ್ಟು ಮಂದಿ ಯಾವ ದೇಶದಿಂದ ಒತ್ತಿದರು ಎಂದೂ ತೋರಿಸುತ್ತದೆ. ಮೂರನೆಯದು, ನಮ್ಮದೇ ಒಂದು ಚಿಕ್ಕ ವೆಬ್ ಹೆಸರು ಕೊಂಡುಕೊಂಡು ವರ್ಷ ವರ್ಷ ನವೀಕರಿಸುವುದು. ಹಾಜಿಯವರು ಹೊಸ ಸೈಟಿನ ಬಗ್ಗೆ ಎರಡೇ ಪ್ರಶ್ನೆ ಕೇಳಿದರು. "ಇದರ ಯಜಮಾನ ಯಾರು? ಎಲ್ಲಿ ಕೂರುತ್ತಾನೆ?" ನನಗೆ ಗೊತ್ತಿರಲಿಲ್ಲ. "ಹಾಗಾದರೆ ಸ್ವಂತದ್ದೇ ತೆಗೆಯುವ ಟೀಚರೇ," ಎಂದರು.

ಸ್ವಂತದ್ದಕ್ಕೆ ಕ್ರೆಡಿಟ್ ಕಾರ್ಡು ಬೇಕು, ನಮ್ಮಲ್ಲಿಲ್ಲ, ಸುಮ್ಮನೆ ರಗಳೆ ಎಂದು ನಾನು ಬಾಯಿ ಮುಚ್ಚಿಸಿದೆ. ಕುವೈಟಿನಲ್ಲಿದ್ದ ನನ್ನ ಅಣ್ಣನಿಗೆ ಒಂದು ಫೋನು ಮಾಡಿದ್ದರೆ ಆಗುತ್ತಿತ್ತು. ಮಾಡಲಿಲ್ಲ. ನಿಜ ಹೇಳಬೇಕೆಂದರೆ, ದೇಶ ದೇಶದ ಲೆಕ್ಕ ತೋರಿಸುವ ಆ ಹೊಸ ಸೈಟು ನನಗೆ ಇಷ್ಟವಾಗಿತ್ತು, ಅದನ್ನು ಅವರಿಗೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆಯಿತ್ತು.

ಅನ್ನಿಸಿಕೊಂಡೆ ಕೂಡ. ಹಾಜಿಯವರು ಗಿಡ್ಡ ಲಿಂಕಿನ ಒಂದು ರಬ್ಬರ್ ಸೀಲು ಮಾಡಿಸಿ, ಮದ್ದು ತೆಗೆದುಕೊಳ್ಳುವ ಕ್ರಮದ ಚೀಟಿಯ ಕೆಳಗೆ ಒತ್ತತೊಡಗಿದರು. ಬಾಣಂತನ ಮುಗಿಸಿದವಳು ಚೀಟಿಯನ್ನು ಪಕ್ಕದ ಫ್ಲಾಟಿನ ಬಸುರಿಗೆ ಕೊಟ್ಟಳು, ಅವಳು ಇನ್ನೊಬ್ಬಳಿಗೆ ಮೆಸೇಜು ಮಾಡಿದಳು. ದಿನವೂ ಸಂಜೆ ಬಂದು ಎಂಟರ್ ಒತ್ತಿ ಕೇಳುತ್ತಿದ್ದರು, "ಇವತ್ತು ಎಷ್ಟು ಮಂದಿ ಬಾಗಿಲಿಗೆ ಬಂದರು?" ಸೌದಿ ಐದು, ಕತಾರ್ ಎರಡು ಎಂದರೆ, ಅಷ್ಟೂ ಹೆಂಗಸರು ಸುಖವಾಗಿ ಹೆರಲಿ ಎಂಬಂತೆ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು.

ಒಂದೂವರೆ ವರ್ಷ ಹೀಗೆ ನಡೆಯಿತು. ಒಂದು ಸೋಮವಾರ ಲಿಂಕು ಒತ್ತಿದರೆ ಬಿಳಿ ಪುಟದಲ್ಲಿ ನಾಲ್ಕು ಸಾಲು ಇಂಗ್ಲಿಷ್ ಬಂತು. ಸೇವೆ ನಿಲ್ಲಿಸಿದ್ದೇವೆ, ಇಷ್ಟು ದಿನ ಬಳಸಿದ್ದಕ್ಕೆ ಕೃತಜ್ಞತೆಗಳು. ಮೇಲ್ ಬರೆದೆ, ತಿರುಗಿ ಬಂತು. ಮತ್ತೆ ಬರೆದೆ. ವಾರ ಕಳೆಯುವಷ್ಟರಲ್ಲಿ ಆ ನಾಲ್ಕು ಸಾಲೂ ಮಾಯವಾದವು. ನಮ್ಮ ಪುಟ ತನ್ನ ಜಾಗದಲ್ಲಿ ಗಟ್ಟಿಯಾಗಿಯೇ ಇತ್ತು, ಅಲ್ಲಿಗೆ ಬರುವ ದಾರಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಹಾಜಿಯವರು ಬಿಳಿ ಪರದೆಯತ್ತ ಬಗ್ಗಿ ನೋಡಿದರು. "ಫೋನ್ ನಂಬರ್ ಇಲ್ಲವಾ?"

"ಇಲ್ಲ."

"ಅಲ್ಲಿ ಒಂದು ಚೀಟಿ ಅಂಟಿಸಲಿಕ್ಕೆ ಆಗ್ತದಾ? ಅಂಗಡಿ ಉಂಟು ಅಂತ?"

"ಅದು ನಮ್ಮ ಜಾಗ ಅಲ್ಲ ಹಾಜಿಯವರೇ. ಆಗುವುದಿಲ್ಲ."

"ಹಾಗಾದರೆ ಸ್ಟೂಲು ಎಲ್ಲಿ ಹಾಕುವುದು ಟೀಚರೇ?"

ಆ ರಾತ್ರಿಯೇ ಕುವೈಟಿಗೆ, ಅಣ್ಣನಿಗೆ ಫೋನು ಮಾಡಿದೆ.

ಆಮೇಲೆ ಅಣ್ಣನ ಕಾರ್ಡಿನಿಂದ ಸ್ವಂತ ಹೆಸರು ಕೊಂಡೆವು, ಹೊಸ ಸೀಲು ಬಂತು. ಮೇಲ್ ಇದ್ದವರಿಗೆಲ್ಲ ಬರೆದೆ. ಹಾಜಿಯವರು ವಿಮಾನ ಹತ್ತುವವರಿಗೆಲ್ಲ ಹೊಸ ಚೀಟಿ ಕೊಟ್ಟರು. ಆದರೆ ಕೈಯಿಂದ ಕೈಗೆ ದಾಟಿಹೋದ ಹಳೆಯ ಚೀಟಿಗಳು ಯಾರಲ್ಲಿವೆ ಎಂದು ಹುಡುಕುವುದು ಹೇಗೆ? ಸಂಜೆ ಬರುವುದನ್ನು ಅವರು ಬಿಡಲಿಲ್ಲ. "ಹಳೆಯದನ್ನು ಒಮ್ಮೆ ಒತ್ತಿ ನೋಡುವ," ಎಂದು ತಾವೇ ಎಂಟರ್ ಒತ್ತುತ್ತಿದ್ದರು. ಏನೂ ಬರುತ್ತಿರಲಿಲ್ಲ. ಎದ್ದು ಹೋಗುತ್ತಿದ್ದರು. ಮರುದಿನ ಮತ್ತೆ ಬರುತ್ತಿದ್ದರು.

ಮೂರು ತಿಂಗಳ ಮೇಲೆ ಕಕ್ಕಿಂಜೆಯ ಒಬ್ಬ ಹೆಂಗಸು ಬೇರೇನೋ ಕೆಲಸಕ್ಕೆ ಪೇಟೆಗೆ ಬಂದವರು ಹಾಜಿಯವರನ್ನು ಅಂಗಡಿಯಲ್ಲಿ ಕಂಡು ಬಾಗಿಲಲ್ಲೇ ನಿಂತರು. ಆರ್ಡರಿನ ಕಾಗದ ಕೊಡಲು ಹೋಗಿದ್ದ ನಾನೂ ಅಲ್ಲಿದ್ದೆ.

"ನೀವು ಇದ್ದೀರಾ?" ಎಂದರು ಆಕೆ. "ಮಗಳು ದಮ್ಮಾಮಿನಲ್ಲಿ ಆ ಚೀಟಿಯದ್ದನ್ನು ಒಂದು ತಿಂಗಳು ಒತ್ತಿದಳು. ಏನೂ ಬರುವುದಿಲ್ಲ. ಹಾಜಿಯವರು ತೀರಿಹೋಗಿರಬೇಕು, ಅಂಗಡಿ ಮುಚ್ಚಿರಬೇಕು ಅಂತ ಅಲ್ಲಿ ಎಲ್ಲರೂ ಹೇಳಿದರಂತೆ. ನಾನೂ ನಂಬಿದೆ."

"ಹೆರಿಗೆ ಆಯಿತಾ?"

"ಆಯಿತು. ನಲ್ವತ್ತು ದಿನವೂ ಕಳೆಯಿತು. ನೋಡಿಕೊಳ್ಳಲಿಕ್ಕೆ ಯಾರೂ ಇಲ್ಲ, ಮದ್ದೂ ಇಲ್ಲ. ಫೋನಿನಲ್ಲಿ ಬರೀ ಅಳುವುದೇ."

ಹಾಜಿಯವರು ಎಂದಿನಂತೆ ತಕ್ಕಡಿ ನೋಡುತ್ತ ಕಟ್ಟು ಕಟ್ಟಿದರು. "ತಡವಾಯಿತು. ಎಣ್ಣೆಯಾದರೂ ಹಚ್ಚಿಕೊಳ್ಳಲಿ," ಎಂದಷ್ಟೇ ಹೇಳಿದರು. ಆಕೆ ಹೋದ ಮೇಲೂ ನನ್ನ ಕಡೆ ತಿರುಗಲಿಲ್ಲ. ಒಂದು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಒರಳಿಗೆ ಓಮ ಹಾಕಿ ಕುಟ್ಟತೊಡಗಿದರು. ನಾನು ಕಾಗದ ಅಲ್ಲೇ ಇಟ್ಟು ಬಂದೆ.

ಮರುವರ್ಷ ಮಳೆ ಹಿಡಿಯುವ ಮೊದಲು ಎದೆನೋವೆಂದು ಕರೆದುಕೊಂಡು ಹೋದ ಹಾಜಿಯವರು ಜೀವಸಹಿತ ಆಸ್ಪತ್ರೆ ತಲುಪಲಿಲ್ಲ. ಪಾಕ ಬಲ್ಲವರು ಬೇರೆ ಯಾರೂ ಇಲ್ಲದೆ ಅಂಗಡಿಯೂ ಮುಚ್ಚಿತು. ಪುಟದಲ್ಲಿ ಆ ಸುದ್ದಿಯನ್ನು ನಾನೇ ಬರೆದೆ. ಆದರೆ ಬಸ್ಸಿನಲ್ಲಿ ಬರುವವರು ಅದನ್ನು ನೋಡಿ ಬರುವುದಿಲ್ಲವಲ್ಲ. ಅವರ ಮನೆಯವರನ್ನು ಕೇಳಿ ಆ ಸ್ಟೂಲು ತಂದು, ದಿನವೂ ಸಂಜೆ ಮುಚ್ಚಿದ ಬಾಗಿಲಿನ ಮುಂದೆ ಹಾಕಿಕೊಂಡು ಕೂತೆ.

ಮೂರನೆಯ ದಿನ ಒಬ್ಬ ತಾಯಿ ಬಂದರು. ಕೈಯಲ್ಲಿ ಮಡಚಿ ಮಡಚಿ ಹರಿದ ಹಳೆಯ ಚೀಟಿ. ಮಗಳಿಗೆ ಏಳು ತಿಂಗಳು ತುಂಬಿದೆಯಂತೆ.

"ಹಾಜಿಯವರು ಇಲ್ಲ ಅಮ್ಮ," ಎಂದೆ.

ಆಕೆ ಬಾಗಿಲು ನೋಡಿದರು, ನನ್ನನ್ನು ನೋಡಿದರು. "ಹಾಗಾದರೆ ಎಲ್ಲಿಗೆ ಹೋಗುವುದು?"

ಹಾಜಿಯವರಿಗೆ ಹೇಳಲು 'ಹಿಂದೆ ಉಂಟು' ಎಂಬ ಮಾತಾದರೂ ಇತ್ತು. ನಾನು ಎದ್ದು ಆಕೆಗೆ ಸ್ಟೂಲು ಕೊಟ್ಟೆ, ಕುಡಿಯಲು ನೀರು ತರಲು ಎದುರಿನ ನಮ್ಮ ಮನೆಗೆ ಹೋದೆ.