ಹೆಣ್ಣುಮಕ್ಕಳಿಗೆಂದು ಬಂದ ಕಂದೀಲು

ಹೊಳೆ ಮನೆಯೊಳಗೇ ಬಂದೀತು ಎಂದು ನಮಗ್ಯಾರಿಗೂ ಅನಿಸಿರದ ದಿನಗಳವು. ನಾನಾಗ ಐದನೇ ಇಯತ್ತೆ. ಸೂಪಾದ ಕಡೆ ಬಿಡದೆ ಮಳೆ ಹೊಯ್ದು, ಒಂದು ನಸುಕಿನಲ್ಲಿ ಕಾಳಿ ನದಿ ದಾಂಡೇಲಿಯ ನಮ್ಮ ಓಣಿಗೆ ನುಗ್ಗಿತು. ಅವ್ವ ಹಿಟ್ಟಿನ ಡಬ್ಬಿ ತಲೆಯ ಮೇಲೆ ಹೊತ್ತಳು. ಹತ್ತನೇ ಇಯತ್ತೆಯಲ್ಲಿದ್ದ ನನ್ನಕ್ಕ, ರೇಣುಕಕ್ಕ, ಪುಸ್ತಕಗಳನ್ನಷ್ಟೇ ಚೀಲಕ್ಕೆ ತುಂಬಿಕೊಂಡಳು. ಓಣಿಯವರೆಲ್ಲ ಏರಿನ ಮೇಲಿನ ಶಾಲೆ ಸೇರಿದೆವು.

ಮೊದಮೊದಲು ಮಕ್ಕಳಿಗೆ ಅದು ಹಬ್ಬವೇ. ದೊಡ್ಡ ಪಾತೇಲಿಯಲ್ಲಿ ಕುದಿಯುವ ಖಿಚಡಿಯ ವಾಸನೆ, ವರಾಂಡದಲ್ಲಿ ದಿನವಿಡೀ ಗಜಗದಾಟ. ಪಕ್ಕದ ಮನೆಯ ಹಸೀನಾ ಖಾಲಾ ಮತ್ತು ನಾವು ಒಂದೇ ಕೋಣೆಯಲ್ಲಿ, ನಡುವೆ ಒಂದು ಸೀರೆಯ ಪರದೆ. ಖಾಲಾ ಒದ್ದೆ ಕಟ್ಟಿಗೆ ಊದಿ ಊದಿ ಚಹಾ ಕಾಸಿದರೆ ಮೊದಲ ಬಟ್ಟಲು ನಮ್ಮವ್ವನಿಗೆ.

ಹೆಂಗಸರ ಪಾಡು ಬೇರೆ. ಕರೆಂಟು ಹೋಗಿತ್ತು. ಪಾಯಖಾನೆ ಇದ್ದದ್ದು ಮೈದಾನದ ಆಚೆ ತುದಿಗೆ, ತೇಗದ ಗಿಡಗಳ ಹಿಂದೆ. ಹೊತ್ತು ಮುಳುಗಿದರೆ ಅಲ್ಲಿ ಯಾರ್ಯಾರೋ ನಿಂತು ಸೀಟಿ ಹೊಡೆಯುತ್ತಿದ್ದರು. ಅದಕ್ಕೇ ಅವ್ವ ಮಧ್ಯಾಹ್ನದಿಂದಲೇ ನೀರು ಕುಡಿಯುತ್ತಿರಲಿಲ್ಲ.

ಒಂದು ದಿನ ಯಾವುದೋ ಸಂಸ್ಥೆಯ ಇಬ್ಬರು ಹುಡುಗಿಯರು ಬಂದು ಪೆಟ್ಟಿಗೆ ತುಂಬ ಸೋಲಾರ್ ಕಂದೀಲು ಇಳಿಸಿದರು. “ಇವು ಹೆಣ್ಣುಮಕ್ಕಳಿಗೆ ರೀ. ಕತ್ತಲಾಗ ಹೊರಗ ಹೋಗೂಮುಂದ ಕೈಯಾಗ ಇರಲಿ” ಅಂತ ಹೇಳಿ ಹೋದರು. ಅವರ ಗಾಡಿ ಮರೆಯಾಗುವುದೇ ತಡ, ಅಲ್ಲಿನ ಉಸಾಬರಿಯನ್ನೆಲ್ಲ ತಾನೇ ಹೊತ್ತುಕೊಂಡಿದ್ದ ಬಸಣ್ಣ ಕೂಗಿದ: “ಮನಿ ಯಜಮಾನ್ರು ಬಂದು ತಗೊಂಡು ಹೋಗ್ರಿ!”

ಯಜಮಾನರು ಹೋದರು. ನಮ್ಮಪ್ಪನೂ ಹೋದ. ಅಂದು ಸಂಜೆ ಕಂದೀಲುಗಳೆಲ್ಲ ಶಾಲೆಯ ಸ್ಟೇಜಿನ ಮೇಲೆ ಇಸ್ಪೀಟಿನ ಸುತ್ತ ಉರಿಯುತ್ತಿದ್ದವು. ಅವ್ವ ಹೋಗಿ ಕೇಳಿದಳು. ಅಪ್ಪ ತಲೆ ಎತ್ತಲಿಲ್ಲ. “ತಡಿ, ಈ ಆಟ ಮುಗೀಲಿ.”

ಆಟ ಮುಗಿಯಲಿಲ್ಲ. ತಡೆದುಕೊಳ್ಳಲಾರದೆ ರೇಣುಕಕ್ಕ ಒಬ್ಬಳೇ ಹೋದಳು. ವಾಪಸು ಓಡಿ ಬಂದಾಗ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಅಂಗಿಯ ತೋಳು ಹರಿದಿತ್ತು. “ಯಾರೋ ಬಾಯಿ ಒತ್ತಿ ಹಿಡದ್ರವ್ವಾ. ಕೈ ಕಚ್ಚಿ ಓಡಿ ಬಂದೆ” ಅಂದಳು.

ಸ್ಟೇಜಿನಿಂದಲೇ ಬಸಣ್ಣ ಕೇಳಿದ: “ಒಬ್ಬಾಕೀನ ಯಾಕ ಹೋಗಿದ್ಲು?”

“ಹುಡುಗ್ಯಾರು ಒಳಗ ಇರಬೇಕಂತ ನಾ ಹೇಳಿರಲಿಲ್ಲೇನು?” ಅಂದ ಅಪ್ಪ. ಕೈಯಲ್ಲಿ ಇನ್ನೂ ಇಸ್ಪೀಟಿನ ಎಲೆ ಹಿಡಿದಿದ್ದ.

ಹಸೀನಾ ಖಾಲಾ ಸೀದಾ ಸ್ಟೇಜು ಹತ್ತಿ ಕಂದೀಲು ಎತ್ತಿಕೊಂಡಳು. “ಏನ್ರೀ ಭಾಯಿ, ರಾಜಾ-ರಾಣಿ ನೋಡಾಕ ನಿಮಗ ಬೆಳಕು ಬೇಕು, ಮಗಳನ್ನ ನೋಡಾಕ ಬ್ಯಾಡೇನು?” ಹಿಂದೆಯೇ ಅವ್ವ ಹೋಗಿ ಎಲೆಗಳನ್ನು ಕಾಲಿನಿಂದ ಚೆದುರಿಸಿದಳು. ಅಪ್ಪನ ಎದುರು ಅವಳು ದನಿ ಎತ್ತಿದ್ದನ್ನು ನಾನು ಕಂಡದ್ದು ಅದೇ ಮೊದಲು. “ಇವು ನಮ್ಮವು. ಮುಟ್ಟಿದ್ರ ಕೈ ಮುರೀತೇನಿ!”

ಹೆಂಗಸರೆಲ್ಲ ಕಂದೀಲು ಹಿಡಿದು ಕೋಣೆ ಕೋಣೆ ಹೊಕ್ಕರು. ಗಂಡಸರ ಕೈ ಹಿಡಿದೆಳೆದು ಬೆಳಕಿಗೆ ಒಡ್ಡಿದರು. ಹಲ್ಲಿನ ಗುರುತು ಸಿಕ್ಕಿತು, ಬಸಣ್ಣನ ಅಳಿಯನ ಕೈಯಲ್ಲಿ. “ನಾಯಿ ಕಚ್ಚೈತಿ” ಅಂದ. ಖಾಲಾ ಅವನ ಕೆನ್ನೆಗೆ ಬಾರಿಸಿದಳು.

ಮರುದಿನ ಪಾಯಖಾನೆಯ ದಾರಿಯುದ್ದಕ್ಕೂ ಕಂದೀಲು ತೂಗಿದವು. ಅವುಗಳ ಕೆಳಗೆ ಹೆಂಗಸರು ಬಡಿಗೆ ಹಿಡಿದು ಪಾಳಿಯ ಮೇಲೆ ಕೂತರು. ಅವ್ವ ಹೊಟ್ಟೆ ತುಂಬ ನೀರು ಕುಡಿದಳು. ಗೆದ್ದೆವು ಅಂದುಕೊಂಡೆ.

ಗೆದ್ದದ್ದು ದೀಪವನ್ನಷ್ಟೇ. ಅದೇ ಹೊತ್ತಿಗೆ ಗಂಡಸರು ಹೆಡ್ ಮಾಸ್ತರರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತು ಮಾತು ಮುಗಿಸಿದ್ದರು. ಪೊಲೀಸರ ಹತ್ತಿರ ಹೋಗುವುದು ಬೇಡ, ಹುಡುಗಿಯ ಹೆಸರು ಕೆಡುತ್ತದೆ. ಅಪ್ಪ ಹೂಂ ಅಂದು ಬಂದ. ನೀರು ಇಳಿಯುವ ಮೊದಲೇ ಅಕ್ಕನನ್ನು ಹಳಿಯಾಳದ ಹತ್ತಿರ ಮಾವನ ಊರಿಗೆ ಕಳಿಸಿದರು. “ನನ್ನ ಪರೀಕ್ಷೆ?” ಅಂತ ಅವಳು ಕೇಳುತ್ತಿದ್ದಾಗಲೇ ಅಪ್ಪ ಅವಳ ಚೀಲವನ್ನು ಬಸ್ಸಿಗೆ ಏರಿಸಿದ. ಬೇಸಿಗೆಯಲ್ಲಿ ಮದುವೆ ಮಾಡಿದರು. ಕಚ್ಚಿಸಿಕೊಂಡವನು ಮಾತ್ರ ಇದೇ ಊರಲ್ಲಿ ಅಂಗಡಿ ಇಟ್ಟ.

ನಮ್ಮ ಹಳೆಯ ಓಣಿ ಈಗಿಲ್ಲ. ನೆರೆಯ ಪರಿಹಾರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಡೆ ಮನೆ ಸಿಕ್ಕಿತು. ಖಾಲಾ ಊರಿನ ಇನ್ನೊಂದು ತುದಿಗೆ ಹೋದಳು. ಹಾಗೆ ಒಟ್ಟಿಗೆ ಎದ್ದು ನಿಲ್ಲುವ ಹೆಂಗಸರ ಗುಂಪನ್ನು ನಾನು ಮತ್ತೆಂದೂ ಕಾಣಲಿಲ್ಲ. ಹೊಳೆ ಒಯ್ದದ್ದು ಏನೇನು ಅಂತ ಕೇಳಲು ಸರ್ಕಾರದವರು ಮನೆಮನೆಗೆ ಬಂದಿದ್ದರು. ಮನುಷ್ಯರು ಒಯ್ದದ್ದನ್ನು ಯಾರೂ ಕೇಳಲಿಲ್ಲ.

ಅಪ್ಪನಿಗೆ ಈಗ ವಯಸ್ಸಾಗಿದೆ. ನಾನು ಆ ಮಾತು ತೆಗೆದಾಗಲೆಲ್ಲ, “ಹಳೇದು ಯಾಕ ಕೆದಕ್ತೀಯವ್ವಾ?” ಅನ್ನುತ್ತಾನೆ.

ಕೆದಕುತ್ತೇನೆ. ರೇಣುಕಕ್ಕನಿಗೆ ಗಣಿತದಲ್ಲಿ ನಮ್ಮ ಶಾಲೆಗೇ ಮೊದಲ ನಂಬರು ಬರುತ್ತಿತ್ತು. ಇಂದಿಗೂ ಆಕೆ ಹೊತ್ತು ಮುಳುಗಿದ ಮೇಲೆ ಅಂಗಳಕ್ಕೆ ಕಾಲಿಡುವುದಿಲ್ಲ.