ಕರಿಪಟ್ಟಿಯ ಮೇಲೇರಿದ ಜಗುಲಿ

ಅವಳಿಗೆ ಕಿಡಿ ಅಕ್ಕ ಎಂಬ ಹೆಸರು ಬಂದದ್ದು ಗಾರೆ ಕೆಲಸಕ್ಕೆ ಸೇರಿದ ಮೊದಲ ವರ್ಷವೇ. ಹೆಂಗಸು ಕರಣೆ ಹಿಡಿದರೆ ಗೋಡೆ ಸೊಟ್ಟಗಾಗುತ್ತದೆ ಎಂದು ಮೇಸ್ತ್ರಿಯೊಬ್ಬ ನಕ್ಕಾಗ, ಅವನು ಕಟ್ಟಿದ ಗೋಡೆಗೇ ತೂಗುಗುಂಡು ಇಳಿಬಿಟ್ಟು ನಾಲ್ಕು ಜನರ ಮುಂದೆ ಅವನ ಮಾನ ಅಳೆದಿದ್ದಳು. ಮೂವತ್ತು ವರ್ಷ ಕಳೆದರೂ ಆ ಬಿಸಿ ಆರಿರಲಿಲ್ಲ.

ಒಂದು ಬೆಳಿಗ್ಗೆ ತಂಗಿಯ ಫೋನು ಬಂತು.

"ಅಕ್ಕಾ, ಮಂಚದ ಹಿಂದಿನ ಗೋಡೆ ಬೆವರ್ತಾ ಇದೆ."

"ಗೋಡೆ ತಾನಾಗಿ ಬೆವರಲ್ಲ ಕಣೆ. ಏನು ಮಾಡಿದ್ರಿ ಅದಕ್ಕೆ?"

ತಂಗಿ ತಡೆದು ಹೇಳಿದಳು. "ಹೋದ ವರ್ಷ ಇವರು ಹಿತ್ತಿಲಲ್ಲಿ ಮರದ ಜಗುಲಿ ಹಾಕಿದ್ರು. ನೀನು ಬೈತೀಯ ಅಂತ ಹೇಳಿರಲಿಲ್ಲ."

ಕಿಡಿ ಅಕ್ಕ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು.

ತಂಗಿಯ ಮನೆಯಲ್ಲಿ ಮಂಚ ಸರಿಸಿ ನೋಡಿದರೆ ಮೊಣಕಾಲೆತ್ತರದವರೆಗೆ ಗೋಡೆಯ ಬಣ್ಣ ಬೊಬ್ಬೆ ಎದ್ದಿತ್ತು. ಉಗುರಿನಿಂದ ಕೆರೆದರೆ ಗಾರೆ ಒದ್ದೆ ಸಕ್ಕರೆಯಂತೆ ಉದುರಿತು. ಬೀರುವಿನ ಬಟ್ಟೆಗೆಲ್ಲ ಮುಗ್ಗಲು ವಾಸನೆ. ತಂಗಿ ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದಳು. ಆ ಕೆಮ್ಮು ಕೇಳಿಯೇ ಅಕ್ಕನ ಹಣೆಯ ನರ ಉಬ್ಬಿತು.

ಹಿತ್ತಿಲಲ್ಲಿ ತಂಗಿಯ ಗಂಡ ಹಲಗೆಗಳಿಗೆ ಎಣ್ಣೆ ಉಜ್ಜುತ್ತಿದ್ದ. ಬಸ್ಸು ಓಡಿಸಿ ನಿವೃತ್ತನಾದವನು, ಜಗುಲಿಯನ್ನು ಒಬ್ಬನೇ ಹಾಕಿದ್ದ.

"ಹೇಗಿದೆ ಅತ್ತಿಗೆ? ಗೋಡೆಗೂ ಹಲಗೆಗೂ ನಡುವೆ ಕೂದಲು ತೂರೋಷ್ಟೂ ಸಂದಿ ಬಿಟ್ಟಿಲ್ಲ!"

"ಅದೇ ನಿನ್ನ ಘನಕಾರ್ಯ, ಮಹಾನುಭಾವ! ನೆಲದಡಿಗೆ ಗಾಳಿ ಹೋಗೋ ಕಿಂಡಿ ಎರಡಿದ್ವಲ್ಲ, ಎಲ್ಲಿ?"

"ಹಲಗೆ ಹಿಂದೆ. ಇಲಿ ಬರ್ತಿತ್ತು."

"ಇಲಿ ಬರುತ್ತೆ ಅಂತ ಮನೆಯ ಮೂಗು ಮುಚ್ಚಿದೀಯ! ಹಾರೆ ಕೊಡು."

ಅವನು ಕೊಡಲಿಲ್ಲ. ಅವಳೇ ತಂದು ಗೋಡೆ ಪಕ್ಕದ ಮೊದಲ ಹಲಗೆಗೆ ಮೀಟಿದಳು. ಮೊಳೆಗಳು ಕಿರುಚಿದವು, ಅವನೂ ಕಿರುಚಿದ. ಮೂರನೆಯ ಹಲಗೆ ಏಳುವಷ್ಟರಲ್ಲಿ ಕೊಳೆತ ಎಲೆಯ ನಾತ ಮೇಲೆದ್ದಿತು. ಅಡಿಯಲ್ಲಿ ಹಳೆಯ ಕಲ್ಲುಹಾಸು ಹಾಗೇ ಇತ್ತು. ಕೀಳುವ ಗೋಜಿಗೇ ಹೋಗದೆ ಅದರ ಮೇಲೇ ಚೌಕಟ್ಟು ಕೂರಿಸಿ ಗೋಡೆಗೆ ಬಡಿದಿದ್ದ.

ಅವಳು ಬೈಯುತ್ತಲೇ ಬಗ್ಗಿ ಗೋಡೆಯ ಬುಡ ನೋಡಿದಳು. ನೆಲದ ತೇವ ಮೇಲೇರದಂತೆ ಗೋಡೆಯ ಬುಡದಲ್ಲಿ ಸುತ್ತಲೂ ಕೂರಿಸಿದ ಡಾಂಬರಿನ ಕರಿಪಟ್ಟಿ ಹೊರಗೆ ಕಾಣಲೇ ಇಲ್ಲ. ಕಲ್ಲುಹಾಸೇ ಅದನ್ನು ನುಂಗಿ ಎರಡು ಬೆರಳು ಮೇಲೇರಿತ್ತು. ನೀರು ಹರಿಯುವ ವಾಟವೂ ಗೋಡೆಯ ಕಡೆಗೇ.

ತಂಗಿಯ ಗಂಡನೂ ಬಗ್ಗಿ ನೋಡಿದ. "ಅತ್ತಿಗೆ, ಈ ಕಲ್ಲು ಹಾಕಿದ್ದು ಯಾರು?"

"ನಾನೇ," ಎಂದಳು ಹಲ್ಲು ಕಚ್ಚಿ.

ಇಪ್ಪತ್ತೆರಡು ವರ್ಷದ ಹಿಂದೆ, ತಂಗಿಯವರು ಈ ಮನೆಗೆ ಬಂದ ವಾರ. ಹಳೆಯ ನೆಲ ಅಗೆಯಬೇಕಿತ್ತು. ಬೇರೆ ಕೆಲಸ ಕಾಯುತ್ತಿತ್ತೆಂದು ಅದರ ಮೇಲೇ ಕಲ್ಲು ಕೂರಿಸಿದ್ದಳು. ಬಿಸಿಲು ಗಾಳಿ ಆಡುವವರೆಗೆ ಗೋಡೆ ಹೇಗೋ ತಡೆದುಕೊಂಡಿತ್ತು. ಹಲಗೆ ಮುಚ್ಚಿದ ಮೇಲೆ ಸೋತಿತು.

ಅವನು ಕಿಸಕ್ಕನೆ ನಕ್ಕ.

"ನಗು! ನಕ್ಕು ಮುಗಿಸಿ ಗುದ್ದಲಿ ಹಿಡಿ. ನಾನು ಗುಂಡಿ ತೋಡಿದೆ, ನೀನು ಅದಕ್ಕೆ ಮುಚ್ಚಳ ಹಾಕಿದೆ."

"ನಿನ್ನದೇ ತಪ್ಪು ಅತ್ತಿಗೆ—"

"ಸಾಕು!" ಎಂದಳು ತಂಗಿ. ಬಾಗಿಲಲ್ಲಿ ನಿಂತಿದ್ದ ಅವಳ ದನಿ ಅಷ್ಟೆತ್ತರಕ್ಕೆ ಏರಿದ್ದನ್ನು ಇಬ್ಬರೂ ಎಂದೂ ಕೇಳಿರಲಿಲ್ಲ. "ಕಲ್ಲು ಹಾಕೋವಾಗ ನನ್ನ ಕೇಳಿದ್ಯಾ ಅಕ್ಕಾ? ಹಲಗೆ ಹಾಕೋವಾಗ ನೀವು ಕೇಳಿದ್ರಾ? ಆ ಗೋಡೆ ಪಕ್ಕ ಮಲಗಿ ಕೆಮ್ಮಿದ್ದು ನಾನು. ಇವತ್ತಿಂದ ಬೀದಿ ಕಡೆ ಕೋಣೆ ನನ್ನದು. ಗೋಡೆ ಒಣಗೋವರೆಗೆ ನೀವಿಬ್ಬರೂ ನನಗೆ ಮುಖ ತೋರಿಸಬೇಡಿ."

ಇಬ್ಬರೂ ಸೇರಿ ಒಂಬತ್ತು ದಿನ ಅಗೆದರು. ಗೋಡೆಯುದ್ದಕ್ಕೂ ಕಲ್ಲು ಕಿತ್ತು, ಮಣ್ಣನ್ನು ಕರಿಪಟ್ಟಿಯಿಂದ ಒಂದು ಚೋಟು ಕೆಳಕ್ಕಿಳಿಸಿ, ನೀರು ಹೊರಗೆ ಹರಿಯುವ ಹಾಗೆ ವಾಟ ಕೊಟ್ಟು ಜಲ್ಲಿ ಸುರಿದರು. ಈ ಸಲ ಜಗುಲಿ ಕಿಂಡಿಗಳಿಗಿಂತ ಕೆಳಗೆ, ಸ್ವಂತ ಕಾಲುಗಳ ಮೇಲೆ ನಿಂತಿತು. ಗೋಡೆಗೂ ಅದಕ್ಕೂ ಎರಡು ಬೆರಳು ಅಂತರ. ನೀರು ತಡೆಯುವ ಬಣ್ಣ ಬಳಿದುಬಿಡೋಣ ಎಂದು ಅವನು ಒಮ್ಮೆ ಡಬ್ಬಿಯನ್ನೇ ತಂದ. ಅವಳು ನೋಡಿದ ನೋಟಕ್ಕೆ ಡಬ್ಬಿ ಅಂಗಡಿಗೆ ಮರಳಿತು.

ಗೋಡೆ ಒಣಗಲು ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅಕ್ಕ ಬೇರೊಂದು ಕೆಲಸ ಹಚ್ಚಿಕೊಂಡಿದ್ದಳು. ಅದೇ ಕಾಲದಲ್ಲಿ, ಅದೇ ಅವಸರದಲ್ಲಿ ತಾನು ಕಲ್ಲು ಹಾಸಿದ ಮೂರು ಮನೆ ನೆನಪಿದ್ದವು; ಹುಡುಕಿಕೊಂಡು ಹೊರಟಳು. ಮೊದಲನೆಯದರ ಯಜಮಾನ, ಕೆಲಸ ಗಿಟ್ಟಿಸಲು ಬಂದಿದ್ದಾಳೆಂದು ಬಾಗಿಲು ಹಾಕಿಕೊಂಡ. ಎರಡನೆಯದರಲ್ಲಿ ಮುದುಕಿಯೊಬ್ಬಳು ಸರಪಳಿ ತೆಗೆಯದೆ ಇಣುಕಿದಳು.

"ಏನು ಬೇಕಿತ್ತು?"

"ನಿಮ್ಮ ಹಿತ್ತಿಲ ಗೋಡೆ ನೋಡಬೇಕು."

"ಯಾಕೆ? ಏನಾಗಿದೆ ಅದಕ್ಕೆ?"

"ನಾನು ಹಾಳು ಮಾಡಿರಬಹುದು," ಎಂದಳು ಕಿಡಿ ಅಕ್ಕ, ಬೈದ ಹಾಗೇ. "ಬಾಗಿಲು ತೆಗೀರಿ."