ಸಾವಂತ್ರೆವ್ವ ಹಿಡಿದ ವೀಳ್ಯ

ಯರಗುಪ್ಪಿಯ ಎರೆಹೊಲಗಳಲ್ಲಿ ಹತ್ತಿ ಬಿಡಿಸುವಾಗ ಸಾವಂತ್ರೆವ್ವನ ಪಕ್ಕದ ಸಾಲು ಹಿಡಿಯಲು ಹೆಂಗಸರಲ್ಲಿ ಪೈಪೋಟಿ ನಡೆಯುತ್ತಿತ್ತು. ಆಕೆ ಹಾಡುತ್ತ ಬಿಡಿಸುವವಳು. ಪಕ್ಕದಲ್ಲಿದ್ದವರಿಗೆ ಬಿಸಿಲು ಏರಿದ್ದೇ ತಿಳಿಯುತ್ತಿರಲಿಲ್ಲ. ಗಂಡ ಹೊಳೆಯಪ್ಪ ಕುರಿ ಕಾಯುವ ಮನುಷ್ಯ. ದೂರದ ಹೊಲದಿಂದ ಹೆಂಡತಿಯ ದನಿ ಕೇಳಿದರೆ, "ನಮ್ಮಾಕಿ ಇನ್ನೂ ರೊಟ್ಟಿ ಬಿಚ್ಚಿಲ್ಲ" ಎಂದು ಹೊತ್ತು ಅಳೆಯುತ್ತಿದ್ದ. ಸಂಗೀತದಿಂದ ಅವನಿಗಿದ್ದ ಉಪಯೋಗ ಅಷ್ಟೇ.

ಸಾವಂತ್ರೆವ್ವನಿಗೆ ಒಂದು ಆಸೆ ಇತ್ತು. ಪರದೆಯ ಮುಂದೆ ನಿಂತು, ಪೇಟಿ ಮಾಸ್ತರ ಹಾರ್ಮೋನಿಯಂ ಬಾರಿಸುತ್ತಿರಲು, ಊರೆಲ್ಲ ಕೇಳುವಂತೆ ಒಮ್ಮೆ ಹಾಡಬೇಕು. ಆ ಊರಲ್ಲಿ ಇದು ಹುಚ್ಚಿನ ಮಾತೇ ಸರಿ. ಮೊದಲು ಊರ ನಾಟಕಗಳಲ್ಲಿ ಗಂಡಸರೇ ಮೀಸೆ ಬೋಳಿಸಿಕೊಂಡು ಸೀರೆ ಉಡುತ್ತಿದ್ದರು. ಆಮೇಲೆ ಪಟ್ಟಣದಿಂದ ನಟಿಯರನ್ನು ಕರೆಸುವ ರೂಢಿ ಬಂತು. ಊರ ಹೆಣ್ಣುಮಕ್ಕಳು ಮಾತ್ರ ಚಾಪೆಯ ಮೇಲೆ ಕೂತು ನೋಡುವವರು. ಸಣ್ಣವಳಿದ್ದಾಗ ಸಾವಂತ್ರೆವ್ವ ನಾಟಕದ ತಾಲೀಮು ನಡೆಯುವ ಮನೆಯ ಕಿಟಕಿಗೆ ಜೋತುಬಿದ್ದು ಹಾಡು ಕಲಿತು, ಅಪ್ಪನ ಕೈಯಲ್ಲಿ ಏಟು ತಿಂದಿದ್ದಳು. ಏಟು ಮರೆತಳು, ಹಾಡು ಮರೆಯಲಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ಶಾಲೆಗೆ ಒಂದು ಕೋಣೆ ಕಟ್ಟಿಸಲು ಊರವರು ನಾಟಕ ಆಡುವುದೆಂದು ಗೊತ್ತಾಯಿತು. ಬರೆದವನು ಕುಬೇರಪ್ಪ. ಹೊಲಮನೆ ಚೆನ್ನಾಗಿದ್ದ, ಎತ್ತನ್ನು ಬೈಯುವಾಗಲೂ ಪ್ರಾಸ ಹುಡುಕುವ ಮನುಷ್ಯ. ಬೆಣ್ಣಿಹಳ್ಳ ತುಂಬಿ ಬಂದ ದಿನ ಆಡಲು ಹೋದ ಮಗುವೊಂದು ತೇಲಿಹೋಗುವ ಕಥೆಯನ್ನು ಬರೆದು, ಮಾತಿಗಿಂತ ಹಾಡನ್ನೇ ಹೆಚ್ಚು ತುಂಬಿದ್ದ.

"ಈ ಸರ್ತಿ ನಟಿ ಬ್ಯಾಡ. ನಮ್ಮ ಹೆಣ್ಣಮಕ್ಕಳು, ನಮ್ಮ ಹುಡುಗೂರ ಹಾಡ್ಲಿ," ಎಂದು ಕುಬೇರಪ್ಪ ಸಾರಿದ. ಊರು ಗೊಣಗಿತು. ಅವನು ತನ್ನ ಮುದಿತಾಯಿ ಗೌರಕ್ಕನನ್ನೇ ಕರೆತಂದು ತಾಲೀಮಿನ ಜಾಗದಲ್ಲಿ ಕಾವಲಿಗೆ ಕೂರಿಸಿದ ಮೇಲೆ ಗೊಣಗುವವರ ಬಾಯಿ ಕಟ್ಟಿತು.

ದನಿ ಪರೀಕ್ಷೆ ಹಣಮಂತದೇವರ ಗುಡಿಯ ಕಟ್ಟೆಯ ಮೇಲೆ ನಡೆಯಿತು. ಕುಂದಗೋಳದ ಕಡೆಯಿಂದ ಪೇಟಿ ಮಾಸ್ತರ ಅಮೋಘಸಿದ್ದಪ್ಪ ಬಂದಿದ್ದ. ಪಾತ್ರ ಸಿಕ್ಕವರ ಕೈಗೆ ದೇವರ ಮುಂದೆ ಎಲೆ ಅಡಿಕೆ ಇಡುವುದು ಅಲ್ಲಿಯ ಪದ್ಧತಿ. ಅದೇ ವೀಳ್ಯ. ಒಮ್ಮೆ ಹಿಡಿದರೆ ತಿರುಗಿ ಕೊಡುವಂತಿಲ್ಲ; ಮನೆಯಲ್ಲಿ ಸಾವಾದರೂ ಬಂದು ಆಡಬೇಕು. ಆಡದೆ ಹೋದವರ ಮನೆಯನ್ನು ಊರು ಬಹಳ ದಿನ ಆಡಿಕೊಳ್ಳುತ್ತದೆ.

ತಾಯಿಯ ಪಾತ್ರಕ್ಕೆ ಬಂದ ಹೆಂಗಸರು ಬೆರಳೆಣಿಕೆಯಷ್ಟು. ಒಬ್ಬಳು ನಗು ತಡೆಯಲಾರದೆ ಎದ್ದುಹೋದಳು, ಇನ್ನೊಬ್ಬಳಿಗೆ ಗಂಡ ಕಟ್ಟೆಯ ಕೆಳಗಿಂದಲೇ ಕಣ್ಣು ಬಿಟ್ಟ. ರೇವವ್ವ ಧೈರ್ಯವಾಗಿ ಹಾಡಿದಳು. ತಪ್ಪಿಲ್ಲ, ಹಾಗೆಂದು ಯಾರೂ ತಲೆದೂಗಲಿಲ್ಲ. ಆಮೇಲೆ ಸಾವಂತ್ರೆವ್ವ ಸೆರಗು ಬಿಗಿದುಕೊಂಡು ನಿಂತು, ಕುಬೇರಪ್ಪ ಆಗಷ್ಟೇ ಹೇಳಿಕೊಟ್ಟಿದ್ದ, ಸತ್ತ ಮಗುವಿನ ಮುಂದೆ ತಾಯಿ ಅಳುವ ಹಾಡು ಎತ್ತಿಕೊಂಡಳು:

"ಹಳ್ಳದ ಕಡಿ ನಡದಾಗ ನಾ ನೋಡಿದೆನೋ ಕಂದಾ,
ಬ್ಯಾಡಂತ ಒಂದ ಮಾತ ಅನಲಿಲ್ಲೋ ಕಂದಾ."

ಹಾಡು ಮುಗಿದಾಗ ಅಮೋಘಸಿದ್ದಪ್ಪ, "ಸುರ ಏರಸ್ತೀನಿ ಯಕ್ಕಾ, ಮತ್ತೊಮ್ಮಿ ಹಾಡ್ರಿ," ಎಂದ. ಏರಿಸಿದರೂ ಅವಳ ದನಿ ಸಲೀಸಾಗಿ ಏರಿತು. ಸಾವಂತ್ರೆವ್ವನಿಗೆ ಆಗಲೇ ವೀಳ್ಯ ಅಂಗೈಗೆ ಬಂದಷ್ಟು ಹಿಗ್ಗಾಯಿತು.

ನಂತರ ಮಕ್ಕಳ ಸರದಿ. ಶಂಕ್ರಪ್ಪನ ಮಗ ಹಾಡಿದ, ಚೆನ್ನಾಗಿಯೇ ಹಾಡಿದ. ಕೊನೆಗೆ ಸಾವಂತ್ರೆವ್ವನ ಮಗಳು ಶಿವಗಂಗವ್ವ, ಎಲ್ಲರ ಬಾಯಲ್ಲಿ ಗಂಗಿ, ನಾಲ್ಕನೆಯ ಇಯತ್ತೆಯ ಹುಡುಗಿ, ಎದ್ದು ನಿಂತಳು. ಹಳ್ಳದ ನೀರು ಕಂಡು ಹಿಗ್ಗುವ ಮಗುವಿನ ಹಾಡನ್ನು ಅವಳು ತಾನೇ ನೀರು ಕಂಡವಳಂತೆ ಹಾಡಿಬಿಟ್ಟಳು. ಮಾಸ್ತರನ ಬೆರಳು ಪೇಟಿಯ ಮೇಲೆ ನಿಂತುಹೋದವು. ಕಟ್ಟೆಯ ಕೆಳಗೆ ಬೀಡಿ ಸೇದುತ್ತಿದ್ದವರೂ ಎದ್ದು ಹತ್ತಿರ ಬಂದರು.

"ತಾಯೀದೂ ಆತು, ಕೂಸಿಂದೂ ಆತು. ಒಂದ ಮನ್ಯಾಗ ಎರಡೂ ಸಿಕ್ಕವಲ್ಲೋ," ಎಂದು ಕುಬೇರಪ್ಪ ಖುಷಿಯಲ್ಲಿ ಎಲೆಯ ತಟ್ಟೆಗೆ ಕೈಹಾಕಿದ.

ಗೌರಕ್ಕ ಕೂತಲ್ಲಿಂದಲೇ ಕೈ ಅಡ್ಡ ಮಾಡಿದಳು. "ತಡೀಲೇ ಕುಬೇರಾ. ಹಡದಾಕಿ ತಾ ಹಡದ ಕೂಸಿನ್ನ ಮುಂದ ಮಲಗಿಸಿಕೊಂಡು ಸತ್ತೈತಂತ ಅಳೂದಽ? ಆಟಕ್ಕ ಅತ್ತರೂ ಕೇಳೂ ದೇವರಿಗೆ ಅದು ಆಟ ಅಂತ ಗೊತ್ತಾಗಬೇಕಲ್ಲ."

ಯಾರಿಗೂ ಹೊಳೆಯದಿದ್ದ ಮಾತು ಅದು. ಕೇಳಿದ ಮೇಲೆ ಯಾರೂ ಇಲ್ಲವೆನ್ನಲಿಲ್ಲ. ಇಬ್ಬರಲ್ಲಿ ಒಬ್ಬರಷ್ಟೇ ಉಳಿಯಬೇಕು. ತಾಯಿ ಉಳಿದರೆ ಮಗುವಿನ ಪಾತ್ರ ಶಂಕ್ರಪ್ಪನ ಮಗನಿಗೆ. ಮಗಳು ಉಳಿದರೆ ತಾಯಿಯ ಪಾತ್ರ ರೇವವ್ವನಿಗೆ. ಮಾಸ್ತರ ಪೇಟಿ ಮುಚ್ಚಿ, "ನಾಳಿ ಸಂಜೀಕ ಇಬ್ಬರೂ ಮತ್ತ ಬರ್ರಿ. ಇನ್ನೊಮ್ಮಿ ಕೇಳಿ ಹೇಳ್ತೀನಿ," ಎಂದ.

ಮನೆಗೆ ಹೋಗುವಾಗ ಗಂಗಿ ದಾರಿಯುದ್ದಕ್ಕೂ ಜಿಗಿಯುತ್ತಿದ್ದಳು. "ಯಾರಿಗಿ ಸಿಕ್ಕರೂ ವೀಳ್ಯಾ ನಮ್ಮ ಮನೀಗೇ ಬರ್ತೈತಿ, ಹೌದಿಲ್ಲ ಯವ್ವಾ?"

ಸಾವಂತ್ರೆವ್ವ ಹೂಂ ಎಂದಳು. ಒಳಗೆ ಬೇರೆಯೇ ನಡೆದಿತ್ತು. ಮಾಸ್ತರನ ಬೆರಳು ನಿಂತದ್ದನ್ನು ಅವಳು ಕಂಡಿದ್ದಳು. ತನ್ನ ಹಾಡಿಗೆ ಅವು ನಿಂತಿರಲಿಲ್ಲ. ಅವಳಿಗೆ ಹೊಟ್ಟೆಕಿಚ್ಚಾಗಿತ್ತು, ಅದೂ ತನ್ನ ಮಗಳ ಮೇಲೆ. ಗಂಗಿಗೆ ಮುಂದೆ ಎಷ್ಟೋ ನಾಟಕ ಬಂದಾವು, ತನಗೆ ಬರುವುದು ಇದೊಂದೇ ಎಂದು ಸಮಾಧಾನ ಹುಡುಕಿದಳು. ಹುಡುಕಿದಷ್ಟೂ ತನ್ನ ಮೇಲೆ ಅಸಹ್ಯ ಹೆಚ್ಚಿತು, ಆಸೆ ಮಾತ್ರ ತೊಲಗಲಿಲ್ಲ.

ಮರುದಿನ ರವಿವಾರ, ಶಾಲೆಯಿಲ್ಲ. ಗಂಗಿ ಹೊಲಕ್ಕೆ ಬಂದಿದ್ದಳು. ಬಾರಿಹಣ್ಣಿನ ಕಾಲ. ಬದುವಿನ ಬೋರೆ ಗಿಡಗಳನ್ನು ಮಕ್ಕಳು ಮುತ್ತಿದ್ದರು. ಅರೆಹಣ್ಣಾದ ದೋರಗಾಯಿಗಳನ್ನು ಉಪ್ಪುಖಾರದಲ್ಲಿ ಹೊರಳಿಸಿ ತಿನ್ನುವುದೆಂದರೆ ಗಂಗಿಗೆ ಪ್ರಾಣ. ಆದರೆ ಅವಳು ಗುಡಿಯ ಭಜನೆಯಲ್ಲಿ ಹಾಡುವ ದಿನ ಸಾವಂತ್ರೆವ್ವ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಗಂಟಲು ಹಿಡಿಯುತ್ತದೆ, ದನಿ ಒಡೆಯುತ್ತದೆ ಎಂದು ಗದರಿ ಕೈಯಿಂದ ಕಸಿದು ಬಿಸಾಡುತ್ತಿದ್ದಳು.

ಗಂಗಿ ಲಂಗದ ತುಂಬ ಹಣ್ಣು ಕಟ್ಟಿಕೊಂಡು ಬದುವಿನ ಮೇಲೆ ನಿಂತಳು. ಒಂದನ್ನು ಬಾಯ ಹತ್ತಿರ ಹಿಡಿದು ತಾಯಿಯ ಕಡೆ ನೋಡಿದಳು. ಇಬ್ಬರ ಕಣ್ಣೂ ಕೂಡಿದವು. ಗದರಲು ಸಾವಂತ್ರೆವ್ವನ ಬಾಯಿ ತೆರೆಯಿತು. ದನಿ ಹೊರಡಿಸಲಿಲ್ಲ. ಬಗ್ಗಿ, ಮುಂದಿನ ಗಿಡದ ಹತ್ತಿಗೆ ಕೈಹಾಕಿದಳು. ತಿರುಗಿ ತಲೆಯೆತ್ತುವ ಹೊತ್ತಿಗೆ ಗಂಗಿ ಮಕ್ಕಳ ನಡುವೆ ಕೂತು ತಿನ್ನುತ್ತಿದ್ದಳು. ಈಗಲಾದರೂ ಕೂಗಬಹುದಿತ್ತು. ಸಾವಂತ್ರೆವ್ವ ಸಾಲು ಮುಗಿಸಿದಳು, ಇನ್ನೊಂದು ಸಾಲು ಹಿಡಿದಳು. ಆ ದಿನ ಅವಳು ಹಾಡದೆ ಹತ್ತಿ ಬಿಡಿಸಿದ್ದನ್ನು ಪಕ್ಕದ ಸಾಲಿನವರು ಗಮನಿಸಿ, ಸಂಜೆಗೆ ದನಿ ಕಾಪಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡರು.

ಸಂಜೆ ಗಂಗಿಯ ದನಿ ಏರಿಕೆಯಲ್ಲಿ ಒಡೆಯಿತು. ಕೆಮ್ಮಿ ಮತ್ತೆ ಎತ್ತಿಕೊಂಡಳು, ಮತ್ತೆ ಒಡೆಯಿತು. ಅಮೋಘಸಿದ್ದಪ್ಪ ಬೇಸರದಿಂದ, "ನಿನ್ನೆ ಹಾಡಿದ ಹುಡಿಗಿ ಇದಽ ಏನ?" ಎಂದು ಕೇಳಿ, ಹುಡುಗಿಯ ತಲೆ ಸವರಿ ಕೂರಿಸಿದ. ಸಾವಂತ್ರೆವ್ವ ಹಾಡಿದಳು. ದೇವರ ಮುಂದೆ ವೀಳ್ಯ ಅವಳ ಕೈಗೆ ಬಂತು. ಹಿಡಿದಳು.

ಅಲ್ಲಿಂದ ಮುಂದೆ ಶುರುವಾದದ್ದು ನಿಜವಾದ ಕಷ್ಟ. ಸಾವಂತ್ರೆವ್ವನಿಗೆ ಓದಲು ಬರುತ್ತಿರಲಿಲ್ಲ. ಮಾತು, ಹಾಡು ಎಲ್ಲವನ್ನೂ ಗಂಗಿಯೇ ಓದಿ ಬಾಯಿಪಾಠ ಮಾಡಿಸಬೇಕಾಯಿತು. ಎರಡು ದಿನಕ್ಕೆ ಗಂಗಿಯ ಗಂಟಲು ತಿಳಿಯಾಗಿತ್ತು. ಒಲೆಯ ಮುಂದೆ ರೊಟ್ಟಿ ಬಡಿಯುವ ತಾಯಿಯ ಪಕ್ಕ ಕೂತು, ಅದೇ ಒಡೆಯದ ದನಿಯಲ್ಲಿ, "ಬ್ಯಾಡಂತ ಒಂದ ಮಾತ ಅನಲಿಲ್ಲೋ ಕಂದಾ... ಇಲ್ಲಿ ಎಳೀಬೇಕು ಯವ್ವಾ" ಎಂದು ಕಲಿಸುತ್ತಿದ್ದಳು. ಮುನಿಸಿಲ್ಲ, ಕೊಂಕಿಲ್ಲ. ಹುಡುಗಿ ಒಮ್ಮೆ ಅತ್ತು ರಂಪ ಮಾಡಿದ್ದರೆ ಸಾವಂತ್ರೆವ್ವನಿಗೆ ಹಗುರಾಗುತ್ತಿತ್ತು. ರೊಟ್ಟಿ ಹೊತ್ತಿದರೆ ಹೊಳೆಯಪ್ಪ, "ರಾಣೀ ಸಾಹೇಬರು ನಾಟಕದಾಗ ಅದಾರ" ಎಂದು ನಗುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ.

ನಾಟಕದ ದಿನ ಹೊತ್ತು ಮುಳುಗುವ ಮೊದಲೇ ಬಣ್ಣ ಹಚ್ಚಲು ಕೂರಿಸಿದರು. ಗಂಗಿ ಅಂಗೈಯಲ್ಲಿ ಬೆಲ್ಲ, ಮೆಣಸು ಹಿಡಿದುಕೊಂಡು ಬಂದಳು. "ಬಾಯಾಗ ಇಟಗೋ ಯವ್ವಾ, ಗಂಟಲಕ್ಕ ಚೊಲೋ."

ಸಾವಂತ್ರೆವ್ವನಿಂದ ಇನ್ನು ತಡೆಯಲಾಗಲಿಲ್ಲ. "ಗಂಗೀ, ಅವತ್ತ ಬಾರಿಹಣ್ಣ ಯಾಕ ತಿಂದಿ? ದನಿ ಒಡೀತೈತಿ ಅನ್ನೂದು ನಿನಗ ಗೊತ್ತಿರಲಿಲ್ಲೇನು?"

"ಗೊತ್ತಿತ್ತು," ಎಂದಳು ಗಂಗಿ. "ಅದಕ್ಕ ನಿನ್ನ ಮಾರಿ ನೋಡಿದೆ. ನೀ ಏನೂ ಅನ್ನಲಿಲ್ಲ. ಹಂಗಾರ ಇವತ್ತ ತಿಂದರ ಏನೂ ಆಗೂದಿಲ್ಲ ಅಂತ ತಿಂದೆ."

ಅಷ್ಟರಲ್ಲಿ ಪರದೆಯ ಹಿಂದಿನಿಂದ ಕುಬೇರಪ್ಪ ಕರೆದ. ಬೆಲ್ಲ ಗಂಗಿಯ ಅಂಗೈಯಲ್ಲೇ ಕರಗತೊಡಗಿತ್ತು.

ನಾಟಕ ನಡೆಯಿತು. ಚಾಪೆ, ಗೋಣಿಚೀಲ, ಚಕ್ಕಡಿಗಳ ಮೇಲೆ ಊರೆಲ್ಲ ಕೂತಿತ್ತು. ಕಡೆಯ ದೃಶ್ಯದಲ್ಲಿ ಶಂಕ್ರಪ್ಪನ ಮಗ ಒದ್ದೆ ಅಂಗಿಯಲ್ಲಿ ಕಣ್ಣು ಮುಚ್ಚಿ ಮಲಗಿದ. ಸಾವಂತ್ರೆವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಡಲು ತೊಡಗಿದಳು. ಮೊದಲ ಸಾಲು ಮುಗಿಯಿತು. ಎರಡನೆಯದು ಬರಲಿಲ್ಲ. ಅಮೋಘಸಿದ್ದಪ್ಪ ಆ ಸುರವನ್ನು ಹಿಡಿದು ಕಾದ, ಮತ್ತೆ ಮೊದಲಿನಿಂದ ಬಾರಿಸಿ ಅಲ್ಲಿಗೇ ತಂದು ಕಾದ. ಸಾವಂತ್ರೆವ್ವನ ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಹೊಲದಲ್ಲಿ ಬದುವಿನ ಕಡೆ ನೋಡಿ ತೆರೆದ ಬಾಯಿಯೇ ಅದು. ಜನ ಮಿಸುಕಾಡಿದರು.

ಆಗ ಪೇಟಿಯ ಮಗ್ಗುಲಲ್ಲಿ ಕೂತಿದ್ದ ಗಂಗಿ, ತಾಯಿ ಮಾತು ಮರೆತಳೆಂದು ತಿಳಿದು, ತಾನೇ ಎತ್ತಿಕೊಟ್ಟಳು: "ಬ್ಯಾಡಂತ ಒಂದ ಮಾತ ಅನಲಿಲ್ಲೋ ಕಂದಾ."

ಪಿಸುಮಾತಿನಲ್ಲಿ ಹೇಳಿಕೊಡುವುದು ಹುಡುಗಿಗೆ ತಿಳಿದಿರಲಿಲ್ಲ. ತುಂಬುದನಿಯಲ್ಲಿ ಹಾಡಿಬಿಟ್ಟಳು. ಎಳೆಯಬೇಕಾದಲ್ಲಿ ಎಳೆದಳು, ಏರಿಕೆಯಲ್ಲಿ ಏರಿದಳು, ಎಲ್ಲಿಯೂ ಒಡೆಯಲಿಲ್ಲ. ಹಿಂದಿನ ಚಕ್ಕಡಿಗಳಲ್ಲಿದ್ದವರು ಯಾರ ದನಿಯೆಂದು ಎದ್ದುನಿಂತು ನೋಡಿದರು. ಸಾವಂತ್ರೆವ್ವ ಆ ಹುಡುಗನ ತಲೆಯ ಮೇಲೆ ಬಾಗಿ ಅತ್ತಳು. ಮುಂದಿನ ಹಾಡನ್ನು ಅತ್ತುಕೊಂಡೇ ಮುಗಿಸಿದಳು. ಗೌರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಗದಿ ಖರೆ ಅತ್ತಂಗ ಅತ್ತಳಲ್ಲವಾ," ಎಂದಳು.

ಪರದೆ ಬಿದ್ದ ಮೇಲೆ ಊರ ಹೆಂಗಸರು ಸಾವಂತ್ರೆವ್ವನ ಉಡಿಗೆ ಕುಪ್ಪಸದ ಖಣ ಹಾಕಿದರು. ಅವಳು ಅದನ್ನು ಬಿಚ್ಚಿ ಕೂಡ ನೋಡಲಿಲ್ಲ. ಗಂಗಿ ಓಡಿಬಂದು ಅವಳ ಮುಖದ ಬಣ್ಣವನ್ನು ಎಣ್ಣೆಯ ಬಟ್ಟೆಯಿಂದ ಒರೆಸತೊಡಗಿದಳು.

"ಅಷ್ಟ ಸರ್ತಿ ಹೇಳಿಕೊಟ್ಟಿದ್ದೆ. ಅದಽ ಸಾಲ ಹೆಂಗ ಮರತಿ ಯವ್ವಾ?"

"ಮರೀಲಿಲ್ಲ," ಎಂದಳು ಸಾವಂತ್ರೆವ್ವ.

ತಾಯಿ ಇನ್ನೇನೋ ಹೇಳುತ್ತಾಳೆಂದು ಗಂಗಿ ಅವಳ ಮುಖವನ್ನೇ ನೋಡುತ್ತ ನಿಂತಳು.